ಐದು ಟೈಲ್ಸ್ ದೂರ, ಹದಿನಾರರಲ್ಲೊಂದು ಪವರ್

ರೀಲು ಹಾಕಿ ಫೋಟೊ ತೆಗೆಯುತ್ತಿದ್ದ ಕಾಲದ ನ್ಯಾಷನಲ್, ಸನ್‌ಪ್ಯಾಕ್, ವಿವಿಟಾರ್ ಫ್ಲ್ಯಾಶ್ ಗನ್ ಎಲ್ಲಾದರೂ ಸಿಕ್ಕರೆ ತಿರುಗಿಸಿ ನೋಡಿ. ಅದರ ಮೈಮೇಲೆ ಒಂದು ಚಕ್ರವೋ ಪಟ್ಟಿಯೋ ಇರುತ್ತದೆ. ಫಿಲ್ಮಿನ ಎಎಸ್‌ಎ ಒಂದು ಕಡೆ, ದೂರ ಇನ್ನೊಂದು ಕಡೆ, ಎರಡೂ ಕೂಡುವಲ್ಲಿ ಅಪರ್ಚರ್. ವಿಜಯಪುರದ ಸ್ಟುಡಿಯೊದವರು ಟಿಕೋಟಾದ ಮದುವೆಗೆ, ಬಬಲೇಶ್ವರದ ಜಾತ್ರೆಗೆ ಹೊರಟರೆ ಅವರಿಗೆ ಅದೇ ಪಂಚಾಂಗ. 36 ಫೋಟೊದ ರೀಲು ತೊಳೆದು ಬರುವವರೆಗೆ ಮುಖ ಬಂದಿದೆಯೋ ಬೆಳ್ಳಗೆ ಸುಟ್ಟಿದೆಯೋ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಲೆಕ್ಕ ಬಾಯಿಗೇ ಬಂದಿರುತ್ತಿತ್ತು.

ಈಗಿನ ಹುಡುಗರ ಕೈಯಲ್ಲಿ ಟಿಟಿಎಲ್ ಫ್ಲ್ಯಾಶ್ ಇದೆ, ಹಿಂದೆ ಸ್ಕ್ರೀನ್ ಇದೆ. ಆದರೂ ಆಲ್ಬಮ್ ತೆರೆದರೆ ಒಂದು ಪುಟದಲ್ಲಿ ಮದುಮಗಳ ಮುಖ ಬರ್ನ್, ಮುಂದಿನ ಪುಟದಲ್ಲಿ ಅದೇ ಮುಖ ಅಂಡರ್. ಕ್ಯಾಮೆರಾ ಪ್ರತಿ ಸಲ ಹೊಸದಾಗಿ ಊಹೆ ಮಾಡುವುದರಿಂದ ಹೀಗಾಗುತ್ತದೆ. ದೂರ ಬದಲಾಗದ ಕಡೆ ಆ ಊಹೆ ಬೇಕಾಗಿಯೇ ಇಲ್ಲ. ಒಂದು ಭಾಗಾಕಾರ ಸಾಕು.

ಆ ಭಾಗಾಕಾರಕ್ಕೆ ಬೇಕಾದದ್ದು ಗೈಡ್ ನಂಬರ್, ಅಂದರೆ ನಿಮ್ಮ ಫ್ಲ್ಯಾಶಿನ ತಾಕತ್ತನ್ನು ಹೇಳುವ ಅಂಕಿ. ಅದನ್ನು ಫ್ಲ್ಯಾಶಿನಿಂದ ಮನುಷ್ಯನವರೆಗಿನ ದೂರದಿಂದ ಭಾಗಿಸಿದರೆ ಅಪರ್ಚರ್ ಬರುತ್ತದೆ. ಅಪರ್ಚರಿನಿಂದ ಭಾಗಿಸಿದರೆ ಎಷ್ಟು ದೂರ ನಿಲ್ಲಬೇಕೆಂಬುದು ಬರುತ್ತದೆ. ಗೈಡ್ ನಂಬರ್ 32, ದೂರ 4 ಮೀಟರ್ ಆದರೆ ಐಎಸ್‌ಒ 100ರಲ್ಲಿ ಎಫ್ 8. ಇಷ್ಟೇ ಮೂಲಸೂತ್ರ.

ಡಬ್ಬಿಯ ಮೇಲೆ ಬರೆದ ಸಂಖ್ಯೆಯನ್ನು ಮಾತ್ರ ಹಾಗೆಯೇ ನಂಬಬೇಡಿ. ದೊಡ್ಡ ಅಕ್ಷರದಲ್ಲಿ 60 ಎಂದು ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ ಫ್ಲ್ಯಾಶಿನ ತಲೆಯನ್ನು 200 ಎಂಎಂಗೆ ಝೂಮ್ ಮಾಡಿ, ಬೆಳಕನ್ನೆಲ್ಲ ಸಣ್ಣ ಜಾಗಕ್ಕೆ ಒಟ್ಟಿದಾಗಿನ ಅಂಕಿ. ಮದುವೆ ಮನೆಯಲ್ಲಿ ನಾವು ಬಳಸುವುದು 35 ಎಂಎಂ ಆಸುಪಾಸು. ಅಲ್ಲಿ ಅದೇ ಫ್ಲ್ಯಾಶಿನ ಅಂಕಿ ಬಹಳ ಕೆಳಗಿಳಿಯುತ್ತದೆ. ಮೀಟರಿನಲ್ಲಿ ಬರೆದಿದ್ದಾರೋ ಫೂಟಿನಲ್ಲೋ ಅದನ್ನೂ ನೋಡಿಕೊಳ್ಳಿ. 36 ಮೀಟರ್ ಎಂಬುದು ಫೂಟಿಗೆ ತಿರುಗಿಸಿದರೆ 118 ಆಗಿ ಭಾರೀ ಕಾಣುತ್ತದೆ.

ಹಾಗಾಗಿ ಒಂದು ರಾತ್ರಿ ಕೂತು ನಿಮ್ಮ ಫ್ಲ್ಯಾಶಿನ ನಿಜವಾದ ಅಂಕಿಯನ್ನು ನೀವೇ ತೆಗೆಯಿರಿ. ಯಾರನ್ನಾದರೂ ಸರಿಯಾಗಿ 4 ಮೀಟರ್ ಅಳೆದು ನಿಲ್ಲಿಸಿ, ಟೇಪ್ ಹಿಡಿದೇ ಅಳೆಯಿರಿ. ಐಎಸ್‌ಒ 100, ಶಟರ್ 1/200, ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ ಫುಲ್ ಪವರ್, ಝೂಮ್ 35. ಎಫ್ 5.6, 8, 11, 16 ಹೀಗೆ ಒಂದೊಂದು ಫೋಟೊ. ಪ್ರತಿ ಸಲವೂ ಫ್ಲ್ಯಾಶ್ ಪೂರ್ತಿ ತುಂಬುವವರೆಗೆ ಕಾಯಿರಿ. ಮುಖದ ಬಣ್ಣ ಸರಿಯಾಗಿ ಬಂದದ್ದು ಯಾವುದೆಂದು ಸ್ಕ್ರೀನ್ ನೋಡಿ ತೀರ್ಮಾನಿಸದೆ ಹಿಸ್ಟೊಗ್ರಾಮ್ ನೋಡಿ, ಸಾಧ್ಯವಾದರೆ ಕಂಪ್ಯೂಟರಿನಲ್ಲಿ ನೋಡಿ ಆರಿಸಿ. ಎಫ್ 8 ಸರಿಯಾಗಿದ್ದರೆ 8 ಗುಣಿಸು 4, ನಿಮ್ಮ ಅಂಕಿ 32. ಮರುದಿನ ಕತ್ತಲಾದ ಮೇಲೆ ಇದನ್ನೇ ಹೊಲದಲ್ಲೋ ಬಯಲಿನಲ್ಲೋ ಮಾಡಿ. ಗೋಡೆ, ಮಾಳಿಗೆಗಳಿಂದ ತಿರುಗಿ ಬರುವ ಬೆಳಕು ಅಲ್ಲಿಲ್ಲ. ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಬರುವುದು ಸಹಜ. ಒಳಗೆ 32 ಇದ್ದದ್ದು ಹೊರಗೆ 22 ಆದರೆ ಫ್ಲ್ಯಾಶ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡೂ ಅಂಕಿಗಳನ್ನು ಚೀಟಿಯಲ್ಲಿ ಬರೆದು ಫ್ಲ್ಯಾಶಿನ ಬೆನ್ನಿಗೆ ಅಂಟಿಸಿ. ಮುಂದಿನ ಲೆಕ್ಕಕ್ಕೆಲ್ಲ ಒಳಗೆ 32, ಹೊರಗೆ 22 ಎಂದೇ ಹಿಡಿಯೋಣ. ನಿಮ್ಮದು ಬೇರೆ ಬಂದರೆ ನಿಮ್ಮದನ್ನೇ ಹಾಕಿಕೊಳ್ಳಿ.

ಈಗ ಬಾಯಿಪಾಠ ಮಾಡಬೇಕಾದ ಒಂದೇ ಒಂದು ಮಗ್ಗಿ: 2, 2.8, 4, 5.6, 8, 11, 16, 22, 32. ಅಪರ್ಚರ್ ರಿಂಗಿನ ಸಂಖ್ಯೆಗಳೇ ಇವು. ಒಂದೊಂದು ಮೆಟ್ಟಿಲೂ ಒಂದೊಂದು ಸ್ಟಾಪ್. ಇದೇ ಮಗ್ಗಿ ದೂರಕ್ಕೂ ನಡೆಯುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆ, ಎರಡು ಸ್ಟಾಪ್ ಹೋಗುತ್ತದೆ. ಅಂದರೆ 2 ಮೀಟರಿನಿಂದ 2.8ಕ್ಕೆ ಸರಿದರೆ ಒಂದು ಸ್ಟಾಪ್, 4ಕ್ಕೆ ಹೋದರೆ ಇನ್ನೊಂದು. ಫ್ಲ್ಯಾಶಿನ ಪವರೂ ಹೀಗೆಯೇ ಇಳಿಯುತ್ತದೆ. ಫುಲ್ ಪವರಿನಲ್ಲಿ ಗೈಡ್ ನಂಬರ್ 32 ಇದ್ದರೆ 1/2ಕ್ಕೆ 22, 1/4ಕ್ಕೆ 16, 1/8ಕ್ಕೆ 11, 1/16ಕ್ಕೆ 8, 1/32ಕ್ಕೆ 5.6. ಐಎಸ್‌ಒ ಏರಿಸಿದರೆ ಮಗ್ಗಿಯನ್ನು ಮೇಲಕ್ಕೆ ಹತ್ತಿ: 100ರಿಂದ 200ಕ್ಕೆ ಒಂದು ಮೆಟ್ಟಿಲು, 400ಕ್ಕೆ ಎರಡು. 400ರಲ್ಲಿ ಎಲ್ಲ ಅಂಕಿಯೂ ದುಪ್ಪಟ್ಟು.

ಇನ್ನು ಮಂಟಪಕ್ಕೆ ಬನ್ನಿ. ಅಥಣಿ ರಸ್ತೆಯ ಟಿಕೋಟಾ ಇರಲಿ, ಜಮಖಂಡಿ ರಸ್ತೆಯ ಬಬಲೇಶ್ವರ ಇರಲಿ, ಈಗಿನ ಕಲ್ಯಾಣ ಮಂಟಪಗಳ ನೆಲಕ್ಕೆ ಹೆಚ್ಚಾಗಿ ಎರಡು ಫೂಟಿನ ಚೌಕ ಟೈಲ್ಸ್ ಇರುತ್ತದೆ. ಒಂದು ಟೈಲ್ಸ್ ಎಂದರೆ 60 ಸೆಂಟಿಮೀಟರ್, ಐದು ಟೈಲ್ಸ್ ಎಂದರೆ 3 ಮೀಟರ್. ಇದಕ್ಕಿಂತ ಒಳ್ಳೆಯ ಟೇಪ್ ಬೇರೆ ಸಿಗಲಾರದು. ಮದುಮಕ್ಕಳು ನಿಲ್ಲುವ ಜಾಗದಿಂದ ಐದು ಟೈಲ್ಸ್ ಎಣಿಸಿ ನಿಂತು, ಐಎಸ್‌ಒ 400, ಎಫ್ 5.6, ಫ್ಲ್ಯಾಶ್ 1/16 ಇಡಿ. 1/16ರ ಗೈಡ್ ನಂಬರ್ 8, ಐಎಸ್‌ಒ 400ರಲ್ಲಿ ಅದು 16; 5.6ರಿಂದ ಭಾಗಿಸಿದರೆ ಸುಮಾರು 2.9 ಮೀಟರ್. ಹತ್ತು ಸೆಂಟಿಮೀಟರಿನ ವ್ಯತ್ಯಾಸ ಮುಖದಲ್ಲಿ ಕಾಣುವುದಿಲ್ಲ. ಏಳು ಟೈಲ್ಸ್‌ಗೆ ಹಿಂದೆ ಸರಿದರೆ 1/8, ಹತ್ತಕ್ಕೆ ಸರಿದರೆ 1/4. ಐದು, ಏಳು, ಹತ್ತು: ಇಷ್ಟು ನೆನಪಿದ್ದರೆ ಉಡುಗೊರೆ ಕೊಡುವವರ ಸಾಲು ಎಷ್ಟೇ ಉದ್ದವಿರಲಿ, ಮೊದಲ ಫೋಟೊದ ಬೆಳಕೇ ಕೊನೆಯ ಫೋಟೊಕ್ಕೂ ಇರುತ್ತದೆ. ಹಳೆಯ ಮನೆಯ ಪಡಸಾಲೆಯಲ್ಲಿ ಶಹಾಬಾದಿ ಫರ್ಸಿ ಇದ್ದರೆ ಒಂದು ಕಲ್ಲನ್ನು ಮೊದಲು ಅಳೆದುಕೊಳ್ಳಿ. ಅವುಗಳ ಅಳತೆ ಮನೆಗೊಂದು. ಜಮಖಾನೆ ಹಾಸಿ ನೆಲವೇ ಕಾಣದಿದ್ದರೆ ಹೆಜ್ಜೆಯೇ ಗತಿ. ನಿಮ್ಮ ನಾಲ್ಕು ಹೆಜ್ಜೆ ಎಷ್ಟು ಮೀಟರ್ ಎಂಬುದು ಗೊತ್ತಿರಲಿ.

ಟಿಟಿಎಲ್ ಇಲ್ಲೇ ಎಡವುತ್ತದೆ. ಕ್ಯಾಮೆರಾಕ್ಕೆ ಕಂಡದ್ದೆಲ್ಲವನ್ನೂ ನಡುವಣ ಬೂದುಬಣ್ಣಕ್ಕೆ ತರುವ ಚಟ. ನಮ್ಮ ಕಡೆಯ ಮದುವೆಯಲ್ಲಿ ನಾಲ್ಕು ಮಂದಿ ಹಿರಿಯರು ಬಿಳಿ ಧೋತರ, ಬಿಳಿ ಅಂಗಿ, ಗಾಂಧಿ ಟೊಪಿಗೆ ತೊಟ್ಟು ವೇದಿಕೆ ಹತ್ತಿದರೆ ಫ್ರೇಮ್ ತುಂಬ ಬಿಳುಪು. ಕ್ಯಾಮೆರಾ ಬೆದರಿ ಫ್ಲ್ಯಾಶ್ ತಗ್ಗಿಸುತ್ತದೆ, ಬಿಸಿಲಿಗೆ ಕಂದಿದ ಮುಖಗಳು ಇನ್ನೂ ಕಪ್ಪಾಗುತ್ತವೆ. ಅವರ ಹಿಂದೆಯೇ ಕಪ್ಪು ಚಂದ್ರಕಾಳಿ ಸೀರೆಯವರೋ ದಟ್ಟ ಬಣ್ಣದ ಇಳಕಲ್ ಸೀರೆಯವರೋ ಬಂದರೆ ಅದು ಉಲ್ಟಾ ಆಗಿ ಮುಖ ಬೆಳ್ಳಗಾಗುತ್ತದೆ. ಟಿಟಿಎಲ್‌ನಲ್ಲೇ ತೆಗೆಯುತ್ತೀರಾದರೆ ಬಿಳಿ ಬಟ್ಟೆಯ ಗುಂಪಿಗೆ ಫ್ಲ್ಯಾಶ್ ಕಾಂಪೆನ್ಸೇಷನ್ ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ, ಕಪ್ಪಿಗೆ ಅಷ್ಟೇ ಇಳಿಸಿ. ಮೆರವಣಿಗೆ, ಕುಣಿತ, ಬೀಗರ ಎದುರುಗೊಳ್ಳುವಿಕೆ ಹೀಗೆ ದೂರ ಕ್ಷಣಕ್ಕೊಂದು ರೀತಿ ಆಗುವ ಕಡೆ ಟಿಟಿಎಲ್ ಒಳ್ಳೆಯದೇ. ವೇದಿಕೆಗೆ ಮ್ಯಾನುಯಲ್. ಎರಡನ್ನೂ ಒಂದೇ ದಿನ ಬಳಸಲು ಯಾರ ಅಡ್ಡಿಯೂ ಇಲ್ಲ.

ದೊಡ್ಡ ಕುಟುಂಬದ ಗ್ರೂಪ್ ಫೋಟೊದಲ್ಲಿ ಬರುವ ದೂರು ಬೇರೆ: "ಮುಂದಿನವ್ರು ಬೆಳ್ಳಗ, ಹಿಂದಿನ ಸಾಲು ಕತ್ತಲ." ಕುಳಿತ ಸಾಲು ಐದು ಟೈಲ್ಸ್ ದೂರ, ನಿಂತ ಕೊನೆಯ ಸಾಲು ಏಳು ಟೈಲ್ಸ್ ದೂರ ಇದ್ದರೆ ಇಬ್ಬರ ನಡುವೆ ಸರಿಯಾಗಿ ಒಂದು ಸ್ಟಾಪ್ ಅಂತರ. ಪವರ್ ಏರಿಸಿದರೆ ಹಿಂದಿನವರು ಬರುತ್ತಾರೆ, ಮುಂದಿನವರು ಸುಡುತ್ತಾರೆ. ಮದ್ದೆಂದರೆ ಹಿಂದೆ ಸರಿಯುವುದು. ಮುಂದಿನ ಸಾಲು ಹತ್ತು ಟೈಲ್ಸ್, ಹಿಂದಿನದು ಹನ್ನೆರಡು ಆದರೆ ಅಂತರ ಅರ್ಧ ಸ್ಟಾಪ್‌ಗೆ ಇಳಿಯುತ್ತದೆ. ಪವರ್ 1/16ರಿಂದ 1/4ಕ್ಕೆ ಹೋಗಬೇಕು, ಅಷ್ಟೇ ಖರ್ಚು. ಫ್ಲ್ಯಾಶನ್ನು ಸ್ಟ್ಯಾಂಡಿಗೆ ಹಾಕಿ ಎತ್ತರಕ್ಕೇರಿಸಿದರೂ ಸಾಲುಗಳ ದೂರ ಸಮನಾಗುತ್ತ ಬರುತ್ತದೆ. ಸ್ಟ್ಯಾಂಡಿಗೆ ಹಾಕಿದಾಗ ಮರೆಯಬಾರದ ಮಾತು: ಲೆಕ್ಕಕ್ಕೆ ಬರುವುದು ಫ್ಲ್ಯಾಶಿನಿಂದ ಮುಖದ ದೂರ. ಕ್ಯಾಮೆರಾ ಎಲ್ಲಿದ್ದರೇನು.

ಬೌನ್ಸ್ ಹೊಡೆಯುವವರಿಗೆ ಲೆಕ್ಕ ಸ್ವಲ್ಪ ಉದ್ದ. ಮಾಳಿಗೆ ಹನ್ನೆರಡು ಫೂಟ್ ಎತ್ತರದಲ್ಲಿ, ಬಿಳಿ ಬಣ್ಣದಲ್ಲಿ ಇದೆ. ನೀವು ಮುಖದಿಂದ 3 ಮೀಟರ್ ದೂರ ನಿಂತಿದ್ದೀರಿ. ಬೆಳಕು ಮೇಲೆ ಹೋಗಿ ಕೆಳಗಿಳಿದು ಮುಖ ತಲುಪುವ ಹಾದಿ ಸುಮಾರು 5 ಮೀಟರ್ ಆಗುತ್ತದೆ. ಸುಣ್ಣ ನುಂಗುವುದು, ಚೆದುರುವುದು ಸೇರಿ ಇನ್ನೆರಡು ಸ್ಟಾಪ್ ಕಳೆಯಿರಿ. ಐಎಸ್‌ಒ 800, ಎಫ್ 4 ಇಟ್ಟರೆ 1/4 ಪವರಿನಿಂದ ಶುರು ಮಾಡಬಹುದು. ಒಂದೆರಡು ಫೋಟೊದಲ್ಲಿ ಸರಿಹೊಂದುತ್ತದೆ. ಆದರೆ ಇದೆಲ್ಲ ಬಿಳಿ ಮಾಳಿಗೆ ಇದ್ದರೆ. ಜಂತಿ-ತೊಲೆಯ ಹಳೆಯ ಮನೆಯಲ್ಲಿ ಹೊಗೆ ಕುಡಿದ ಕಟ್ಟಿಗೆ ನಿಮ್ಮ ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ಕೇಸರಿ ಶಾಮಿಯಾನಕ್ಕೆ ಬೌನ್ಸ್ ಹೊಡೆದರೆ ಅರಿಷಿಣ ಹಚ್ಚದ ದಿನವೂ ಮದುಮಗಳ ಕೆನ್ನೆ ಅರಿಷಿಣ. ಹೊಸ ಮಂಟಪಗಳ ಇಪ್ಪತ್ತು-ಇಪ್ಪತ್ತೈದು ಫೂಟಿನ ಮಾಳಿಗೆಗೆ ಫ್ಲ್ಯಾಶ್ ಎತ್ತುವುದು ಬ್ಯಾಟರಿಗೆ ಶಿಕ್ಷೆ.

ಶಟರಿನ ಮಾತನ್ನು ಇಷ್ಟು ಹೊತ್ತು ಬಿಟ್ಟದ್ದು ಬೇಕೆಂದೇ. ಫ್ಲ್ಯಾಶಿನ ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಬಂದು ಹೋಗುತ್ತದೆ. ಶಟರ್ 1/60 ಇದ್ದರೂ 1/200 ಇದ್ದರೂ ಅದಕ್ಕೆ ಒಂದೇ. ಶಟರ್ ಅಳೆಯುವುದು ಸುತ್ತಲಿನ ಬೆಳಕನ್ನು: ಆಕಾಶ, ಸೀರಿಯಲ್ ದೀಪ, ಹಿಂದಿನ ಗೋಡೆ. ಆದ್ದರಿಂದ ಒಂದು ಫೋಟೊಕ್ಕೆ ಎರಡು ಲೆಕ್ಕ. ಮೊದಲು ಸುತ್ತಲಿನದು, ಆಮೇಲೆ ಮುಖದ್ದು.

ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಮೊಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಕೆರೆ ಇದೆ. ಅಂಥ ನೀರಿನ ದಂಡೆಯಲ್ಲಿ ಹೊತ್ತು ಮುಳುಗಿದ ಮೇಲೆ ಜೋಡಿಯನ್ನು ನಿಲ್ಲಿಸಿದಿರಿ ಎನ್ನಿ. ಫ್ಲ್ಯಾಶ್ ಆಫ್ ಮಾಡಿ ಆಕಾಶಕ್ಕೆ ಮೀಟರ್ ಹಿಡಿಯಿರಿ. ಐಎಸ್‌ಒ 200, ಎಫ್ 5.6, 1/60 ಬಂತು ಅಂದುಕೊಳ್ಳೋಣ. ಶಟರನ್ನು 1/125 ಮಾಡಿದರೆ ಆಕಾಶ ಒಂದು ಸ್ಟಾಪ್ ಕಂದಿ ಕೆಂಪು ಗಾಢವಾಗುತ್ತದೆ. ಈಗ ಫ್ಲ್ಯಾಶ್. ಬಯಲು, ಆದ್ದರಿಂದ ಅಂಕಿ 22. ಐಎಸ್‌ಒ 200ಕ್ಕೆ 32. ಬಿಳಿ ಛತ್ರಿ ಹಾಕಿದರೆ ಸುಮಾರು ಎರಡು ಸ್ಟಾಪ್ ಹೋಗಿ 16. ಎಫ್ 5.6ಕ್ಕೆ ಛತ್ರಿ 2.8 ಮೀಟರ್ ದೂರ ಇದ್ದರೆ ಫುಲ್ ಪವರ್, 2 ಮೀಟರಿಗೆ ತಂದರೆ 1/2. ಹೊತ್ತು ಇಳಿದಂತೆ ಶಟರ್ ಮಾತ್ರ ನಿಧಾನ ಮಾಡುತ್ತ ಹೋಗಿ. ಫ್ಲ್ಯಾಶಿನ ಲೆಕ್ಕ ಮುಟ್ಟುವ ಕೆಲಸವಿಲ್ಲ.

ಹಗಲಿನದು ಇದರ ತದ್ವಿರುದ್ಧ. ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ ಹೊತ್ತವರ ಮುಖದ ಮೇಲೆ ರುಮಾಲಿನ ನೆರಳು ಬೀಳುತ್ತದೆ. ನೆತ್ತಿಯ ಬಿಸಿಲಿಗೆ ಐಎಸ್‌ಒ 100, 1/200, ಎಫ್ 11 ಸರಿ. ಬಯಲಿನ 22ನ್ನು ಎಫ್ 11ರಿಂದ ಭಾಗಿಸಿ ನೋಡಿ, ಬರಿಯ 2 ಮೀಟರ್. ನೆರಳನ್ನು ಸ್ವಲ್ಪ ಎತ್ತುವುದಕ್ಕೆ ಸಾಕಾಗುವಷ್ಟು, ಅಂದರೆ ಒಂದು ಸ್ಟಾಪ್ ಕಡಿಮೆ ಬೆಳಕು ಸಾಕೆಂದರೆ 2.8 ಮೀಟರ್. ಫುಲ್ ಪವರಿನಲ್ಲೂ ಅದಕ್ಕಿಂತ ದೂರದವರಿಗೆ ಫ್ಲ್ಯಾಶ್ ತಲುಪುವುದಿಲ್ಲ. ಶಟರನ್ನು 1/200 ಅಥವಾ 1/250ರ ಆಚೆ ಒಯ್ದರೆ ಫೋಟೊದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಹೈಸ್ಪೀಡ್ ಸಿಂಕ್ ಹಾಕಿದರೆ ಪಟ್ಟಿ ಹೋಗುತ್ತದೆ, ತಾಕತ್ತೂ ಹೋಗುತ್ತದೆ. ಹತ್ತಿರ ಹೋಗುವುದೊಂದೇ ದಾರಿ. ಕಾರಹುಣ್ಣಿಮೆಗೆ ಕಾಖಂಡಕಿಯಲ್ಲಿ ಕರಿ ಹರಿಯುವ ಎತ್ತುಗಳ ಮುಖಕ್ಕೆ ಮಾತ್ರ ಈ ಬುದ್ಧಿ ಬಳಸಬೇಡಿ. ಅಲ್ಲಿ ಫ್ಲ್ಯಾಶ್ ಚೀಲದಲ್ಲೇ ಇರಲಿ, ನೀವು ಗೋಡೆಯ ಮೇಲೆ ಇರಿ.

ಫ್ಲ್ಯಾಶಿನ ಮಿತಿ ಕಣ್ಣಾರೆ ನೋಡಬೇಕೆಂದರೆ ಗೋಲಗುಮ್ಮಟಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತ ಪ್ರವಾಸಿಗರು ಎದುರು ಬದಿಯ ಗೆಳೆಯರತ್ತ ಮೊಬೈಲ್ ಫ್ಲ್ಯಾಶ್ ಮಿಂಚಿಸುತ್ತಲೇ ಇರುತ್ತಾರೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೊಬೈಲಿನ ಎಲ್‌ಇಡಿ ಒಂದೆರಡು ಮೀಟರಿಗೇ ಸೋಲುತ್ತದೆ, ಅದನ್ನು ಬಿಡಿ. ನಮ್ಮ ದೊಡ್ಡ ಫ್ಲ್ಯಾಶನ್ನೇ ಲೆಕ್ಕಕ್ಕೆ ಹಿಡಿದರೂ ಅಷ್ಟು ವಿಶಾಲದ ಒಳಾಂಗಣ ಬಯಲಿದ್ದಂತೆ. 22ರ ಅಂಕಿ ಐಎಸ್‌ಒ 1600ರಲ್ಲಿ 88 ಆಗುತ್ತದೆ, 38ರಿಂದ ಭಾಗಿಸಿದರೆ ಎಫ್ 2.3. ಎದುರಿನವರು ಹೇಗೋ ಬಂದಾರು. ಆದರೆ ನಡುವೆ 3 ಮೀಟರ್ ದೂರದಲ್ಲಿ ಯಾರಾದರೂ ತಲೆ ಹಾಕಿದರೆ ಅವರ ಮೇಲೆ 160 ಪಟ್ಟು ಬೆಳಕು, ಏಳು ಸ್ಟಾಪ್‌ಗೂ ಮಿಕ್ಕಿ ಓವರ್. ಫೋಟೊದಲ್ಲಿ ಒಂದು ಬಿಳಿ ಮಚ್ಚೆ ಉಳಿಯುತ್ತದೆ. 1656ರ ಆ ಕಟ್ಟಡಕ್ಕೆ ಕಿಟಕಿಗಳಿಂದ ಬರುವ ಬೆಳಕೇ ಚೆಂದ. ಐಎಸ್‌ಒ ಏರಿಸಿ, ಕಟಕಟೆಗೆ ಕ್ಯಾಮೆರಾ ಆನಿಸಿ ಹಿಡಿದರೆ ಕಲ್ಲಿನ ಗೆರೆಗಳು ಬರುತ್ತವೆ. ಟ್ರೈಪಾಡ್, ಲೈಟ್ ಸ್ಟ್ಯಾಂಡ್, ಪ್ರೀ-ವೆಡ್ಡಿಂಗ್ ಶೂಟಿಂಗ್ ಇವಕ್ಕೆಲ್ಲ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಬಾರಾ ಕಮಾನ್, ಇಬ್ರಾಹಿಂ ರೋಜಾಕ್ಕೂ ಇದೇ ಮಾತು.

ಹತ್ತಿರದ ಲೆಕ್ಕ ಟಿಕೋಟಾದ ದ್ರಾಕ್ಷಿಯವರಿಗೆ ಬೇಕು. ಮಾಲಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ದರ ಮಾತಾಡುವ ಕಾಲ ಇದು, ಫೋಟೊದಲ್ಲಿ ಹಣ್ಣಿನ ಬಣ್ಣ ತಪ್ಪಿದರೆ ಮಾತೂ ತಪ್ಪುತ್ತದೆ. ಒಣದ್ರಾಕ್ಷಿ ಶೆಡ್ಡಿನ ಹಸಿರು ನೆಟ್ ಎಲ್ಲದಕ್ಕೂ ಹಸಿರು ಬಳಿಯುತ್ತದೆ. ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದ ಗೊನೆ ಹೊಳೆಯುವುದರಿಂದ ನೇರ ಫ್ಲ್ಯಾಶ್ ಹೊಡೆದರೆ ಕಾಳಿಗೊಂದು ಬಿಳಿ ಚುಕ್ಕೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ತೆಗೆದು, ಟ್ರಿಗರ್ ಹಾಕಿ, ಪಕ್ಕದಿಂದ ಅರ್ಧ ಮೀಟರ್ ದೂರದಲ್ಲಿ ಹಿಡಿಯಿರಿ. ನಡುವೆ ತೆಳುವಾದ ಬಿಳಿ ಬಟ್ಟೆ. 1/32 ಪವರಿಗೆ ಅಂಕಿ 5.6, ಬಟ್ಟೆ ಒಂದು ಸ್ಟಾಪ್ ತಿಂದರೆ 4, ಅರ್ಧ ಮೀಟರಿಗೆ ಎಫ್ 8. ಐಎಸ್‌ಒ 100, ಶಟರ್ 1/200 ಇದ್ದರೆ ನೆಟ್ಟಿನ ಹಸಿರು ಬಹುಪಾಲು ಹೊರಗುಳಿಯುತ್ತದೆ. ಇನ್ನೂ ಹಸಿರು ಕಂಡರೆ ಎಫ್ 11 ಮಾಡಿ ಪವರ್ 1/16ಕ್ಕೆ ಏರಿಸಿ. ಇಷ್ಟು ಹತ್ತಿರದಲ್ಲಿ ಫ್ಲ್ಯಾಶ್ ಹತ್ತು ಸೆಂಟಿಮೀಟರ್ ಸರಿದರೂ ಅರ್ಧ ಸ್ಟಾಪ್ ಹೋಗುತ್ತದೆ, ಕೈ ಗಟ್ಟಿಯಾಗಿರಲಿ. ತಾಜಾ ಗೊನೆಯ ಮೈಮೇಲಿನ ಬೂದಿಯಂಥ ಪದರವನ್ನು ಫೋಟೊಗಾಗಿ ಒರೆಸಬೇಡಿ. ಅದನ್ನು ನೋಡಿಯೇ ವ್ಯಾಪಾರಿ ಹಣ್ಣಿನ ತಾಜಾತನ ಅಳೆಯುತ್ತಾನೆ.

ಕಪಾಟಿನ ಹಳೆಯ ಫ್ಲ್ಯಾಶ್ ಕಂಡು ಅದನ್ನೇ ಡಿಜಿಟಲ್ ಕ್ಯಾಮೆರಾದ ತಲೆಗೆ ಸಿಕ್ಕಿಸುವ ಆಸೆ ಬಂದರೆ ತಡೆಯಿರಿ. ಆ ಕಾಲದ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ 200ಕ್ಕೂ ಹೆಚ್ಚು. ಈಗಿನ ಎಷ್ಟೋ ಕ್ಯಾಮೆರಾಗಳ ಎಲೆಕ್ಟ್ರಾನಿಕ್ಸ್ ಅದನ್ನು ತಾಳುವುದಿಲ್ಲ.

ಕೊನೆಗೆ ಸೆಕೆ. ಏಪ್ರಿಲ್-ಮೇ ಲಗ್ನದ ದಿನಗಳು, ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳೂ ಅವೇ. ಫುಲ್ ಪವರಿನಲ್ಲಿ ಬಿಡದೆ ಹೊಡೆದರೆ ಫ್ಲ್ಯಾಶ್ ಕಾದು ತಾನೇ ನಿಧಾನವಾಗುತ್ತದೆ, ಕೆಲವು ಬಂದ್ ಬೀಳುತ್ತವೆ. ಸಾದಾ ಸೆಲ್‌ಗಳಲ್ಲಿ ಪ್ರತಿ ಫುಲ್ ಹೊಡೆತದ ನಂತರ ತುಂಬಲು ಕೆಲವು ಸೆಕೆಂಡು ಬೇಕು. ಹಲವು ಫ್ಲ್ಯಾಶ್‌ಗಳಲ್ಲಿ ರೆಡಿ ದೀಪ ಪೂರ್ತಿ ತುಂಬುವ ಮೊದಲೇ ಹತ್ತುತ್ತದೆ. ದೀಪ ಕಂಡ ಕೂಡಲೇ ಒತ್ತಿದ ಫೋಟೊ ಅಂಡರ್ ಬರುವುದು ಅದಕ್ಕೇ. ಭಟ್ಟರು ಕೊನೆಯ ಮಂತ್ರಕ್ಕೆ ಬಂದರೆಂದರೆ ಐಎಸ್‌ಒವನ್ನು 400ರಿಂದ 1600ಕ್ಕೆ ಏರಿಸಿ ಪವರನ್ನು 1/64ಕ್ಕೆ ಇಳಿಸಿಬಿಡಿ. ಮಗ್ಗಿಯಲ್ಲಿ ಎರಡು ಮೆಟ್ಟಿಲು ಮೇಲೆ, ಎರಡು ಮೆಟ್ಟಿಲು ಕೆಳಗೆ, ಮುಖದ ಬೆಳಕು ಅಷ್ಟೇ ಇರುತ್ತದೆ. ಹಿಂದಿನ ಸೀರಿಯಲ್ ದೀಪ ಎರಡು ಸ್ಟಾಪ್ ಹೆಚ್ಚು ಬೆಳಗುತ್ತದೆ. ಬೇಡವಾದರೆ ಶಟರನ್ನು 1/200ಕ್ಕೆ ಒಯ್ಯಿರಿ. ಫ್ಲ್ಯಾಶ್ ಕಾಯಿಸದೆ ಸಾಲಾಗಿ ಹೊಡೆಯುತ್ತದೆ. ಕಡಿಮೆ ಪವರಿನಲ್ಲಿ ಮಿಂಚಿನ ಅವಧಿಯೂ ಸೆಕೆಂಡಿನ ಹಲವು ಸಾವಿರದಲ್ಲೊಂದು ಪಾಲಿಗೆ ಇಳಿಯುವುದರಿಂದ, ನಾಲ್ಕೂ ಕಡೆಯಿಂದ ಬೀಳುವ ಅಕ್ಕಿಕಾಳು ಗೆರೆಯಾಗಿ ಎಳೆಯದೆ ಕಾಳು ಕಾಳಾಗಿಯೇ ಬರುತ್ತದೆ.